ಐವತ್ತೈದು ಸಾವಿರದ ಹಳೇ ಪಟ ಕೊಳ್ಳಲೇ?

ಡೇರೆ, ಬೆನ್ನುಚೀಲ, ಟಾರ್ಪಾಲಿನ ಹೊಲಿಗೆಯ ಬಗ್ಗೆಯೇ ಈ ಪುಟದಲ್ಲಿ ಬರೆಯುತ್ತಾ ಬಂದವಳು, ಕಳೆದ ಸಂಚಿಕೆಯಲ್ಲಿ ಕೈಟ್‌ಬೋರ್ಡಿಂಗ್ ಪಟವೊಂದಕ್ಕೆ ತೇಪೆ ಹಾಕಿದ ವಿಷಯ ಎರಡು ಸಾಲಿನಲ್ಲಿ ಹೇಳಿದ್ದೆ. ದೊಡ್ಡ ಪಟ ಗಾಳಿಗೆ ಎಳೆಯುತ್ತದೆ, ದಾರಗಳ ತುದಿಯ ಬಾರ್ ಎಂಬ ಅಡ್ಡಕೋಲು ಹಿಡಿದು ಅದನ್ನು ತಿರುಗಿಸುತ್ತೇವೆ, ಕಾಲಿಗೆ ಸಿಕ್ಕಿಸಿಕೊಂಡ ಹಲಗೆ ನೀರ ಮೇಲೆ ಜಾರುತ್ತದೆ, ಆಟ ಅಷ್ಟೇ. ಅದಕ್ಕೆ ನಮ್ಮ ಮಲೆನಾಡಿನಿಂದಲೇ ಇಷ್ಟು ಪತ್ರ ಬರುತ್ತದೆಂದು ಎಣಿಸಿರಲಿಲ್ಲ. ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನನಗೆ 27 ವರ್ಷ, ತೂಕ 82 ಕೆ.ಜಿ. ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ಗೋವಾದಲ್ಲಿ ಕೈಟ್‌ಬೋರ್ಡಿಂಗ್ ನೋಡಿದಾಗಿನಿಂದ ಬೇರೇನೂ ತಲೆಗೆ ಹತ್ತುತ್ತಿಲ್ಲ. ಬೆಂಗಳೂರಿನವರೊಬ್ಬರು 14 ಮೀಟರಿನ ಪಟ, ಬಾರ್, ಬೋರ್ಡ್ ಮೂರೂ ಸೇರಿ 55 ಸಾವಿರಕ್ಕೆ ಕೊಡುತ್ತಾರಂತೆ. ನಿಮ್ಮ ಮೈಕಟ್ಟಿಗೆ ದೊಡ್ಡ ಪಟವೇ ಬೇಕು ಅಂದರು. ತಗೊಂಡು ಆಷಾಢದ ಗಾಳಿಗೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಕಲಿಯೋಣ ಅಂತಿದ್ದೇನೆ. ತಗೊಳ್ಳಲಾ?
(ವಿನೋಬನಗರ, ಶಿವಮೊಗ್ಗ)

ಉತ್ತರ: ಬೇಡ. ಆ ಪಟವೂ ಬೇಡ, ಆ ಜಾಗವೂ ಬೇಡ. ಆಸೆ ಮಾತ್ರ ಬಿಡಬೇಡಿ.

ಮೊದಲು ಅಳತೆ ನೋಡೋಣ. ಮೈಕಟ್ಟಿಗೆ ತಕ್ಕ ಪಟ ಎನ್ನುವುದು ಅರ್ಧ ಮಾತು. ಇನ್ನರ್ಧ ಗಾಳಿ. ನನಗೆ ಕಲಿಸಿದವರು ಒಂದು ಒರಟು ಲೆಕ್ಕ ಹೇಳಿಕೊಟ್ಟಿದ್ದರು. ಮೈತೂಕವನ್ನು 2.2ರಿಂದ ಗುಣಿಸಿ, ಬಂದದ್ದನ್ನು ಗಾಳಿಯ ವೇಗದಿಂದ ಭಾಗಿಸಿ. ವೇಗ ನಾಟ್ ಲೆಕ್ಕದಲ್ಲಿರಬೇಕು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ನಿಮ್ಮ 82 ಕೆ.ಜಿ.ಗೆ 13 ನಾಟ್ ಗಾಳಿಯಲ್ಲಿ 14 ಚದರ ಮೀಟರಿನ ಪಟ ಸರಿಹೋಗುತ್ತದೆ. 15 ನಾಟ್ ಇದ್ದರೆ 12 ಸಾಕು, 20 ನಾಟ್ ಇದ್ದರೆ 9 ಸಾಕು. ಗೋವಾದಲ್ಲಿ ಬೇಸಿಗೆಯ ಮಧ್ಯಾಹ್ನ ಬೀಸುವುದು ಹಗುರ ಗಾಳಿ. ಮಾರುವವರು ಅಲ್ಲಿ ಆಡಿದವರಾದರೆ ಅವರ 14 ಅಲ್ಲಿಗೆ ಸರಿಯಾಗಿಯೇ ಇತ್ತು. ಅದನ್ನೇ ಬಿರುಗಾಳಿಗೆ ಒಯ್ದರೆ ಕತೆ ಬೇರೆ. ಗಾಳಿಯ ವೇಗ ಎರಡರಷ್ಟಾದರೆ ಪಟದ ಎಳೆತ ನಾಲ್ಕರಷ್ಟಾಗುತ್ತದೆ. 10 ನಾಟ್‌ನಲ್ಲಿ ಸಾಧುವಾಗಿದ್ದ ಪಟ 20 ನಾಟ್‌ನ ಒಂದು ಬೀಸಿಗೆ ನಿಮ್ಮನ್ನು ನೆಲದಿಂದ ಎತ್ತಿಬಿಡುತ್ತದೆ. 82 ಕೆ.ಜಿ. ಆಗ ಯಾವ ಲೆಕ್ಕಕ್ಕೂ ಇಲ್ಲ.

ಸುಗ್ಗಿಯಲ್ಲಿ ನಮ್ಮಜ್ಜ ಕಣದಲ್ಲಿ ಭತ್ತ ತೂರುವುದನ್ನು ನೋಡುತ್ತಾ ಬೆಳೆದವಳು ನಾನು. ಗಾಳಿ ಬಂತು ಅಂತ ಅವರು ತಕ್ಷಣ ಮೊರ ಎತ್ತುತ್ತಿರಲಿಲ್ಲ. ಒಂದು ಹಿಡಿ ಜೊಳ್ಳು ಬಿಟ್ಟು ನೋಡುತ್ತಿದ್ದರು. ಅದು ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಮೂರು ಸಲ ಬಿದ್ದರೆ ಮಾತ್ರ ತೂರಲು ಶುರು. ಬಿಟ್ಟು ಬಿಟ್ಟು ಬೀಸಿದರೆ ಮೊರ ಕೆಳಗಿಟ್ಟು ಎಲೆ ಅಡಿಕೆ ಹಾಕುತ್ತಾ ಕೂರುವರು. "ಬಿರುಸು ಬೇಡ ಮಗಾ, ಒಂದೇ ಸಮ ಬೇಕು" ಎನ್ನುತ್ತಿದ್ದರು. ಪಟಕ್ಕೂ ಬೇಕಾದದ್ದು ಅದೇ ಗಾಳಿ.

ಹಿನ್ನೀರಿನಲ್ಲಿ ಅದು ಸಿಗುವುದಿಲ್ಲ. ಸುತ್ತ ಗುಡ್ಡ, ನಡುವೆ ನಡುಗಡ್ಡೆ, ನೀರಂಚಿನವರೆಗೂ ಮರ. ಗಾಳಿಗೆ ಅಡ್ಡ ನಿಂತ ಮರದ ಹಿಂದೆ, ಅದರ ಎತ್ತರದ ಏಳೆಂಟು ಪಟ್ಟು ದೂರದವರೆಗೆ ಗಾಳಿ ಕಲಕಿ ಹೋಗಿರುತ್ತದೆ. 20 ಮೀಟರಿನ ಮರವಾದರೆ ಸುಮಾರು 150 ಮೀಟರ್. ಅಲ್ಲಿ ಪಟ ಒಮ್ಮೆ ಉಸಿರು ಬಿಟ್ಟು ಕುಸಿಯುತ್ತದೆ, ಮರುಕ್ಷಣ ಜಗ್ಗುತ್ತದೆ. ಇದು ಮೇಲಿನ ಕತೆಯಾಯಿತು. ಕೆಳಗಿನದು ಇನ್ನೂ ಕೆಟ್ಟದ್ದು. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇವತ್ತಿಗೂ ನೀರೊಳಗೆ ನಿಂತಿವೆ. ಭರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ; ಆದರೆ ಮುಂಗಾರಿನ ಗಾಳಿ ಏಳುವ ಜೂನ್ ಹೊತ್ತಿಗೆ ನೀರು ವರ್ಷದಲ್ಲೇ ತೀರ ಕೆಳಗಿರುತ್ತದೆ. ಗಾಳಿ ಇರುವ ದಿನವೇ ಬೊಡ್ಡೆ ನೀರಿನಡಿ ಗೇಣುದ್ದದಲ್ಲಿ ಕಾದು ಕೂತಿರುತ್ತದೆ. ಪಟದ ದಾರ ಒಂದೊಂದೂ 20ರಿಂದ 24 ಮೀಟರ್. ಅಂಥ ನಾಲ್ಕು ದಾರ ಬೊಡ್ಡೆಗೆ ಸುತ್ತಿಕೊಂಡರೆ ಬಿಡಿಸಲು ಯಾರು ಬರುತ್ತಾರೆ? ದಡದಲ್ಲಿ ಪಟ ಹಿಡಿಯಲು ಗೊತ್ತಿದ್ದವರಿಲ್ಲ, ನೀರಿನಲ್ಲಿ ಕಾಯುವ ದೋಣಿಯಿಲ್ಲ. ಅದೇ ಹಿನ್ನೀರಿನ ದಡದ ಹೊನ್ನೆಮರಡುವಿಗೆ ಹೋಗಿ, ಹುಟ್ಟು ಹಾಕಿ, ಈಜಿ. ಪಟ ಬೇಡ.

ಕಲಿಯಲು ರಾಮೇಶ್ವರಕ್ಕೆ ಹೋಗಿ. ನಮ್ಮಲ್ಲಿ ಆಷಾಢದ ಮಳೆ ಹೊಡೆಯುವ ತಿಂಗಳಲ್ಲಿ ಅಲ್ಲಿ ಬಿಸಿಲು. ಮನ್ನಾರ್ ಕೊಲ್ಲಿಯ ಮೇಲಿಂದ ಬರುವ ಮುಂಗಾರಿನ ಗಾಳಿ ಅಡ್ಡಿಯಿಲ್ಲದೆ ಒಂದೇ ಸಮ ಬೀಸುತ್ತದೆ. ಸೊಂಟದ ಮಟ್ಟದ ನೀರು, ಕೆಳಗೆ ಮರಳು, ಬಿದ್ದರೆ ಎದ್ದು ನಿಲ್ಲಬಹುದು. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ಮದುರೆ, ಮದುರೆಯಿಂದ ಮುಂದಕ್ಕೆ ರೈಲು. 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ಸೇತುವೆ ಆದಮೇಲೆ ಮತ್ತೆ ದ್ವೀಪದವರೆಗೂ ರೈಲಿನಲ್ಲೇ ಹೋಗಬಹುದು. ನಾನು 2016ರಲ್ಲಿ ಅಲ್ಲೇ ಕಲಿತೆ. ಒಬ್ಬ ಗುರು, ಒಬ್ಬ ಶಿಷ್ಯೆ, ಒಟ್ಟು ಹನ್ನೊಂದು ಗಂಟೆಯ ಪಾಠ. ಮೊದಲ ಮೂರು ಗಂಟೆ ಹಲಗೆ ಮುಟ್ಟಲೂ ಬಿಡಲಿಲ್ಲ. ಆ ಹನ್ನೊಂದು ಗಂಟೆಯೂ ಅವರದೇ ಪಟ, ಅವರದೇ ಬಾರ್. ಹಾಗಾಗಿ ಕಲಿಯುವ ಮುಂಚೆ ಪಟ ಕೊಳ್ಳುವ ಅಗತ್ಯವೇ ಇಲ್ಲ. ನಿಮ್ಮ ದುಡ್ಡಿನ ಮೊದಲ ಪಾಲು ಪಾಠಕ್ಕೆ ಹೋಗಲಿ.

ಎರಡನೆಯ ಪಾಲು ಹಾರ್ನೆಸ್ ಮತ್ತು ಹೆಲ್ಮೆಟ್ಟಿಗೆ. ಇವೆರಡನ್ನು ಮಾತ್ರ ಈಗಲೇ ಕೊಳ್ಳಬಹುದು, ಯಾಕೆಂದರೆ ಇವು ಗಾಳಿಗಲ್ಲ, ನಿಮ್ಮ ಮೈಗೆ ಹೊಂದಬೇಕಾದ ಸಾಮಾನು. ಹಾರ್ನೆಸ್ ಅಂದರೆ ಸೊಂಟಕ್ಕೆ ಬಿಗಿಯುವ ಅಗಲದ ಪಟ್ಟಿ. ಅದರ ಮುಂದಿನ ಕೊಕ್ಕೆಗೆ ಬಾರ್ ಸಿಕ್ಕಿಸುತ್ತಾರೆ, ಪಟದ ಎಳೆತವೆಲ್ಲ ಅಲ್ಲಿಗೇ ಬರುತ್ತದೆ. ಎರಡು ಬಗೆ ಇದೆ. ಒಂದು ಬರೀ ಸೊಂಟದ್ದು. ಇನ್ನೊಂದಕ್ಕೆ ತೊಡೆಯ ಸಂದಿನಲ್ಲೂ ಪಟ್ಟಿ ಇರುತ್ತದೆ, ಚಡ್ಡಿಯ ಹಾಗೆ ಕೂರುತ್ತದೆ. ಹೊಸಬರ ಪಟ ಸದಾ ತಲೆಯ ಮೇಲೇ ಇರುವುದರಿಂದ ಎಳೆತ ಮೇಲ್ಮುಖ. ಸೊಂಟದ್ದು ಸರಿಯಾಗಿ ಕೂರದಿದ್ದರೆ ಪಕ್ಕೆಲುಬಿನವರೆಗೂ ಏರಿ ಉಸಿರು ಕಟ್ಟಿಸುತ್ತದೆ. ಸ್ವಲ್ಪ ಹೊಟ್ಟೆ ಇದ್ದವರಿಗಂತೂ ಚಡ್ಡಿಯಂಥದ್ದೇ ವಾಸಿ. ಅಂಗಡಿಯಲ್ಲಿ ತೊಟ್ಟು, ಕೊಕ್ಕೆಗೆ ಹಗ್ಗ ಕಟ್ಟಿ, ಮೇಲಿನ ಕಂಬಿಯಿಂದ ಹತ್ತು ನಿಮಿಷ ಜೋತು ನೋಡಿ. ನಾಚಿಕೆ ಬೇಡ. ಹೆಲ್ಮೆಟ್ ನೀರಾಟದ್ದೇ ಆಗಬೇಕು, ನೀರು ಬಸಿದುಹೋಗುವ ತೂತಿರಬೇಕು. ಬೈಕಿನದು ನೀರು ಕುಡಿದು ಕುತ್ತಿಗೆ ಜಗ್ಗುತ್ತದೆ.

ಪಾಠ ಮುಗಿದು, ಪಟ ಹಾರಿಸಲು ಬಂದಮೇಲೆ ಹಳೇದನ್ನೇ ಕೊಳ್ಳಿ, ತಪ್ಪಿಲ್ಲ. ಹೊಸ ಪಟ, ಬಾರ್ ಎರಡೇ ಸೇರಿ ಲಕ್ಷ ದಾಟುತ್ತವೆ. ಆದರೆ ಇಸವಿ ಕೇಳದೆ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಪಟದ ಇಸವಿಯೊಂದಿಲ್ಲ. ಅದು ಪಟದ ಮೇಲೇ ಅಚ್ಚಾಗಿರುತ್ತದೆ, ಇಲ್ಲದಿದ್ದರೆ ಅದರ ವಿನ್ಯಾಸ ನೋಡಿ ಬಲ್ಲವರು ಹೇಳುತ್ತಾರೆ. 2005ರ ಆಸುಪಾಸಿನಲ್ಲಿ ಬಾರ್ ಬಿಟ್ಟರೆ ಎಳೆತ ಹೆಚ್ಚೂಕಮ್ಮಿ ಪೂರ್ತಿ ಇಳಿಯುವ ವಿನ್ಯಾಸಗಳು ಬಂದವು. ಅದಕ್ಕಿಂತ ಹಳೆಯ ಪಟ ಪುಕ್ಕಟೆ ಕೊಟ್ಟರೂ ಬೇಡ. ಬಾರಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ಕ್ವಿಕ್ ರಿಲೀಸಿಗೆ, ಅಂದರೆ ಆಪತ್ತಿನಲ್ಲಿ ತಳ್ಳಿದ ಕೂಡಲೇ ಪಟದ ಎಳೆತ ಬಿಡಿಸುವ ಕೆಂಪು ಹಿಡಿಗೆ, ಐಎಸ್‌ಒ 21853 ಎಂಬ ಮಾನದಂಡ 2020ರಲ್ಲಿ ಬಂದಿದೆ. ಅದಕ್ಕೆ ಹೊಂದುವ ಬಾರ್ ಸಿಕ್ಕರೆ ಒಳ್ಳೆಯದು. ಪಟ ಹಳೇದಿರಲಿ, ಬಾರ್ ಹೊಸದಿರಲಿ, ಆದಷ್ಟೂ ಅದೇ ಕಂಪನಿಯದಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನ ಎಡಮಂಡಿಯಲ್ಲಿದೆ. 2017ರಲ್ಲಿ ನಾನು ಕೊಂಡ ಮೊದಲ ಪಟ "ಹತ್ತೇ ಸಲ ಹಾರಿಸಿದ್ದು" ಎಂದು ಮಾರಿದ್ದರು. ಹೊಲಿಗೆಯವಳು ನಾನು, ಬಟ್ಟೆ ನೋಡಿದೆ, ಹೊಲಿಗೆ ನೋಡಿದೆ, ಚೆನ್ನಾಗಿತ್ತು. ಬಾರನ್ನು ತಿರುಗಿಸಿ ಕೂಡ ನೋಡಲಿಲ್ಲ. ರಾಮೇಶ್ವರದ ದಂಡೆಯಲ್ಲಿ ಪಟ ಏರಿಸಿದ ಐದನೇ ನಿಮಿಷಕ್ಕೆ ಒಂದು ಬೀಸು ಬಂತು. ಕೆಂಪು ಹಿಡಿ ತಳ್ಳಿದೆ, ಅಲುಗಲಿಲ್ಲ. ಒಳಗೆ ಉಪ್ಪು ಕಚ್ಚಿ, ಮರಳು ಸೇರಿ ಗಾರೆಯಾಗಿತ್ತು. ಮೂವತ್ತು ಹೆಜ್ಜೆಯಷ್ಟು ದೂರ ಒದ್ದೆ ಮರಳಿನ ಮೇಲೆ ಎಳೆದುಕೊಂಡು ಹೋಯಿತು. ಎರಡೂ ಕೈ ಹಾಕಿ ಮತ್ತೆ ತಳ್ಳಿದಾಗ ಬಿಟ್ಟಿತು. ಕಪ್ಪೆಚಿಪ್ಪು ಸೀಳಿದ ಮಂಡಿಗೆ ಆರು ಹೊಲಿಗೆ. ಅವತ್ತಿನಿಂದ ನಾನು ಬೇರೆ ಏನನ್ನು ನೋಡುವ ಮುಂಚೆಯೂ ಆ ಹಿಡಿಯನ್ನು ನೋಡುತ್ತೇನೆ. ಹಾರ್ನೆಸ್ ಕೊಕ್ಕೆಗೆ ಬಾರ್ ಸಿಕ್ಕಿಸಿ, ಗೆಳೆಯರೊಬ್ಬರು ಎದುರಿನಿಂದ ಬಲವಾಗಿ ಎಳೆಯಲಿ, ಆಗ ತಳ್ಳಿ. ಎಳೆತ ಇರುವಾಗ ಒಂದೇ ಕೈಗೆ ಬಿಡಬೇಕು. ಹತ್ತು ಸಲ ಮಾಡಿ. ಒಂದು ಸಲ ತಡವರಿಸಿದರೂ ಆ ಬಾರ್ ನಿಮ್ಮದಲ್ಲ.

ಆಮೇಲೆ ದಾರ. ನಾಲ್ಕೂ ದಾರದ ತುದಿಗಳನ್ನು ಒಂದೇ ಮೊಳೆಗೆ ಹಾಕಿ, ಬಾರ್ ಹಿಡಿದು ಹಿಂದೆ ನಡೆದು, ಬಿಗಿಯಾಗಿ ಎಳೆಯಿರಿ. ಬಾರ್ ನೆಟ್ಟಗೆ ನಿಲ್ಲಬೇಕು, ನಾಲ್ಕೂ ಒಂದೇ ಬಿಗಿ ಇರಬೇಕು. ಮುಂದಿನ ಎರಡರ ಮೇಲೇ ಭಾರ ಹೆಚ್ಚಾದ್ದರಿಂದ ಅವು ಕಾಲಕ್ರಮೇಣ ಉದ್ದವಾಗುತ್ತವೆ. ಆಗ ಹಿಂದಿನವು ಗಿಡ್ಡ ಬಿದ್ದು ಪಟ ಗಾಳಿಯಲ್ಲಿ ಹಿಂದಕ್ಕೆ ಜೋಲುತ್ತದೆ. ದಾರವನ್ನು ಬೆರಳ ಸಂದಿನಲ್ಲಿ ಹಾಯಿಸುತ್ತಾ ಬನ್ನಿ, ಗಂಟು ಅಥವಾ ನವುರೆದ್ದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ.

ಇನ್ನು ನನ್ನ ಕಸುಬಿನ ಭಾಗ. ಪಟವನ್ನು ಬಿಸಿಲಿಗೆ ಎತ್ತಿ ಹಿಡಿದು ಅದರ ಹಿಂದೆ ನಿಂತು ನೋಡಿ, ಸೂಜಿಮೊನೆಯಷ್ಟು ತೂತೂ ಚುಕ್ಕೆಯಾಗಿ ಹೊಳೆಯುತ್ತದೆ. ಬಟ್ಟೆಯ ಮೂಲೆಯೊಂದನ್ನು ಕಿವಿ ಹತ್ತಿರ ಹಿಡಿದು ಮುದುರಿ. ಹೊಸ ಬಟ್ಟೆ ಗರಿ ನೋಟಿನಂತೆ ಚರಚರ ಅನ್ನುತ್ತದೆ. ಬಿಸಿಲು ತಿಂದ ಬಟ್ಟೆ ಹಳೇ ಪಂಚೆಯಂತೆ ಸದ್ದಿಲ್ಲದೆ ಮಡಚಿಕೊಳ್ಳುತ್ತದೆ. ಸಣ್ಣ ತೂತಿಗೆ ತೇಪೆ ಹಾಕಬಹುದು. ಬಟ್ಟೆಯೇ ಮೆತ್ತಗಾಗಿದ್ದರೆ ತೇಪೆಯ ಪಕ್ಕದಲ್ಲೇ ಹರಿಯುತ್ತದೆ, ಅದಕ್ಕೆ ನಾನೂ ಏನೂ ಮಾಡಲಾರೆ. ಹಿಂಬದಿಯ ಅಂಚನ್ನು ಪೂರ್ತಿ ನೋಡಿ, ಗಾಳಿಗೆ ಪಟಪಟ ಬಡಿದುಕೊಂಡು ಮೊದಲು ಸಾಯುವುದು ಆ ಅಂಚೇ.

ಕೊನೆಗೆ ಗಾಳಿ ತುಂಬಿಸಿ. ಪಟದ ಮುಂದಂಚಿನಲ್ಲೂ ಅಡ್ಡಪಟ್ಟಿಗಳಲ್ಲೂ ಟ್ಯೂಬಿನಂಥ ಬ್ಲಾಡರ್ ಇದೆ. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯವಿದು. ಗಾಳಿ ತುಂಬಿದ ಆ ಕೊಳವೆ ಇರುವುದರಿಂದಲೇ ನೀರಿಗೆ ಬಿದ್ದ ಪಟ ಮುಳುಗದೆ ಮತ್ತೆ ಮೇಲೇಳುತ್ತದೆ, ಪಟ ಏಳದ ದಿನ ನೀವು ಅದನ್ನೇ ತಬ್ಬಿಕೊಂಡು ದಡಕ್ಕೆ ತೇಲಿ ಬರುತ್ತೀರಿ. ಅದು ಸೋರಿದರೆ ಎರಡೂ ಹೋಯಿತು. ಪಟದ ಮೇಲೆ ಬರೆದಷ್ಟು ಒತ್ತಡಕ್ಕೆ ತುಂಬಿಸಿ, ರಾತ್ರಿಯಿಡೀ ಬಿಡಿ. ಮಾರುವವರು ಅವಸರ ಮಾಡಿದರೆ ಕನಿಷ್ಠ ಒಂದು ಗಂಟೆ ಅಲ್ಲೇ ಕೂತು ಕಾಫಿ ಕುಡಿಯಿರಿ.

ಅಳತೆ ಯಾವುದು ಅಂದರೆ, ವರ್ಷಕ್ಕೊಮ್ಮೆ ಜೂನ್-ಜುಲೈ ರಜೆಗೆ ರಾಮೇಶ್ವರಕ್ಕೆ ಹೋಗುವವರಾದರೆ 9 ಅಥವಾ 10; ಗೋವಾದ ಹಗುರ ಗಾಳಿಗೇ ಹೋಗುವವರಾದರೆ 12 ಅಥವಾ 14. ಪಾಠದಲ್ಲಿ ಎರಡು ಮೂರು ಅಳತೆ ಕೈಗೆ ಸಿಕ್ಕಮೇಲೆ ನಿಮಗೇ ತಿಳಿಯುತ್ತದೆ. ಬೋರ್ಡ್ ವಿಷಯ ಸುಲಭ. ಎರಡೂ ತುದಿ ಒಂದೇ ತರಹ ಇರುವ ಟ್ವಿನ್‌ಟಿಪ್, ನಿಮ್ಮ ತೂಕಕ್ಕೆ 142ರಿಂದ 145 ಸೆಂ.ಮೀ. ಉದ್ದ, 42-43 ಅಗಲ. ಹಲಗೆ ದೊಡ್ಡದಿದ್ದಷ್ಟೂ ಬೇಗ ನೀರ ಮೇಲೆ ಏಳುತ್ತೀರಿ. ಹಳೇದೇ ಸಾಕು.

ಪ್ರಶ್ನೆ: ಮಗಳಿಗೆ 15 ವರ್ಷ, 45 ಕೆ.ಜಿ. ತುಂಗೆಯಲ್ಲಿ ಚೆನ್ನಾಗಿ ಈಜುತ್ತಾಳೆ. ಪ್ಯಾರಿಸ್ ಒಲಿಂಪಿಕ್ಸಿನ ಕೈಟ್ ರೇಸ್ ಮೊಬೈಲಿನಲ್ಲಿ ನೋಡಿ ತನಗೂ ಅದೇ ಬೇಕು ಅಂತ ಹಟ. ಅವಳ ಅಪ್ಪ, ಬೆಳೆಯುವ ಹುಡುಗಿ, ದೊಡ್ಡ ಸೈಜಿನದೇ ತಂದರಾಯಿತು ಅಂತಾರೆ. ನೀವೇನಂತೀರಿ?
(ತೀರ್ಥಹಳ್ಳಿ)

ಉತ್ತರ: ಮಗಳ ಹಟ ನನಗೆ ಖುಷಿ ಕೊಟ್ಟಿತು. 2024ರಲ್ಲಿ ಈ ಆಟ ಒಲಿಂಪಿಕ್ಸಿಗೆ ಬಂದಾಗ ನಾನೂ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ನೋಡಿದ್ದೆ. ಮಾರ್ಸೇಯಲ್ಲಿ ನಡೆದ ಆ ರೇಸಿನಲ್ಲಿ ಹೆಣ್ಣುಮಕ್ಕಳ ಚಿನ್ನ ಗೆದ್ದವರು ಬ್ರಿಟನ್ನಿನ ಎಲ್ಲಿ ಆಲ್‌ಡ್ರಿಜ್. ಆದರೆ ತಾಯೀ, ಅಲ್ಲಿ ಕಂಡ ಸಾಮಾನು ಅವಳಿಗೆ ಈಗ ಬೇಡ. ಆ ಪಟಗಳಲ್ಲಿ ಬ್ಲಾಡರ್ ಇಲ್ಲ, ಬಟ್ಟೆಯ ಗೂಡಿಗೆ ಗಾಳಿಯೇ ನುಗ್ಗಿ ಆಕಾರ ಕೊಡುತ್ತದೆ. ನೀರಿಗೆ ಬಿದ್ದರೆ ಹೊಸಬರಿಂದ ಎಬ್ಬಿಸಲಾಗುವುದಿಲ್ಲ. ಹಲಗೆಯ ಕೆಳಗೆ ರೆಕ್ಕೆ ಇರುವ ಉದ್ದನೆಯ ಕಂಬವಿದೆ, ಅದರ ಅಂಚು ಕತ್ತಿಯಂಥದ್ದು. ಅವಳಿಗೆ ಸದ್ಯ ಗಾಳಿ ತುಂಬುವ ಪಟ, ಚಪ್ಪಟೆ ಹಲಗೆ.

ಮೇಲಿನ ಲೆಕ್ಕ ಅವಳಿಗೂ ಹಾಕಿ ನೋಡಿ. 15 ನಾಟ್ ಗಾಳಿಗೆ ಆರೂವರೆ ಮೀಟರ್ ಬರುತ್ತದೆ. 6 ಅಥವಾ 7 ಸಾಕು. ಬೋರ್ಡ್ 130 ಸೆಂ.ಮೀ. ಆಸುಪಾಸು. ಬಾರ್ ಕೂಡ ಅಗಲ ಕಡಿಮೆಯದು.

ಹಾರ್ನೆಸ್ ಮಾತ್ರ ದೊಡ್ಡದು ತರಲೇಬೇಡಿ. ಜೂನ್ ಬಂತೆಂದರೆ ನನ್ನ ಅಂಗಡಿಯಲ್ಲಿ ಶಾಲೆ ಯೂನಿಫಾರ್ಮ್ ಹೊಲಿಸಲು ಬಂದವರೆಲ್ಲ "ಎರಡಿಂಚು ಬಿಟ್ಟು ಹೊಲಿಯಿರಿ, ಬೆಳೀತಾಳೆ" ಅಂತಲೇ ಹೇಳುವುದು. ಸ್ಕರ್ಟಿಗೆ ಸರಿ. ಹಾರ್ನೆಸ್ ಎರಡಿಂಚು ಸಡಿಲವಿದ್ದರೆ ಪಟ ಎಳೆದ ಕೂಡಲೇ ಎದೆಗೆ ಏರಿ ಕೂರುತ್ತದೆ, ಕೊಕ್ಕೆ ಗಲ್ಲದ ಹತ್ತಿರ ಬರುತ್ತದೆ, ಕೆಂಪು ಹಿಡಿ ಇದ್ದಲ್ಲಿ ಇರುವುದಿಲ್ಲ. ಬಿಗಿದ ಮೇಲೆ ಪಟ್ಟಿಯೊಳಗೆ ಎರಡು ಬೆರಳು ತೂರಬೇಕು, ಕೈ ತೂರಬಾರದು. ಮುಂದಿನ ವರ್ಷ ಸಣ್ಣದಾದರೆ ಮಾರಿಬಿಡಿ, ಮಕ್ಕಳ ಸೈಜಿಗೆ ಗಿರಾಕಿ ಇದ್ದೇ ಇರುತ್ತಾರೆ.

ಅವಳು ತುಂಗೆಯಲ್ಲಿ ಈಜಿದವಳು ಅನ್ನುವುದು ದೊಡ್ಡ ಆಸ್ತಿ. ಹರಿವಿನ ಜೊತೆ ಗುದ್ದಾಡದೆ ಓರೆಯಾಗಿ ದಡ ಸೇರುವುದು ನದಿಯ ಮಕ್ಕಳಿಗೆ ಗೊತ್ತು. ನೀರು ಇಳಿದ ದಿನಗಳಲ್ಲಿ ಲೈಫ್ ಜಾಕೆಟ್ ತೊಡಿಸಿ, ನೀವು ದಡದಲ್ಲಿ ನಿಂತು, ಅಂಗಾತ ತೇಲುವುದನ್ನೂ ಒಂದೇ ಕೈಯಲ್ಲಿ ಈಜುವುದನ್ನೂ ಅಭ್ಯಾಸ ಮಾಡಿಸಿ. ಇನ್ನೊಂದು ಕೈ ಯಾವಾಗಲೂ ಬಾರಿನ ಮೇಲಿರುತ್ತದೆ. ಅಂಗಡಿಯವರು ಇಂಪ್ಯಾಕ್ಟ್ ವೆಸ್ಟ್ ತೋರಿಸಿ ಇದೇ ಸಾಕು ಅಂದರೆ ಒಪ್ಪಬೇಡಿ. ಅದು ಪೆಟ್ಟು ತಡೆಯಲು ಇರುವುದು, ಜ್ಞಾನ ತಪ್ಪಿದವರನ್ನು ತೇಲಿಸಿ ಹಿಡಿಯುವುದಿಲ್ಲ.

ಪ್ರಶ್ನೆ: ವೆಟ್‌ಸೂಟ್ ಬೇಕಾ? ಕೈಗೆ ಗ್ಲೌಸ್?
(ಗೋಪಾಳ, ಶಿವಮೊಗ್ಗ)

ಉತ್ತರ: ವೆಟ್‌ಸೂಟ್ ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು. ರಾಮೇಶ್ವರದ ನೀರಿಗೆ ಎರಡೂ ಬೇಡ. ಉದ್ದ ತೋಳಿನ, ಮೈಗಂಟುವ ಈಜುಬನಿಯನ್ ಸಾಕು, ಬಿಸಿಲಿಗೂ ಹಾರ್ನೆಸ್ ಉಜ್ಜುವುದಕ್ಕೂ ಅದೇ ಮದ್ದು. ಉಳಿದ ದುಡ್ಡಿನಲ್ಲಿ ದಾರ ಕತ್ತರಿಸುವ ಹುಕ್ ನೈಫ್ ಕೊಂಡು ಹಾರ್ನೆಸ್ಸಿಗೆ ಸಿಕ್ಕಿಸಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಹೋದ ವರ್ಷವೇ ಕಲಿತು 9 ಮೀಟರಿನ ಪಟ ಕೊಂಡಿದ್ದೆ. ರಾಮೇಶ್ವರದಿಂದ ಬಂದವನು ಚೀಲ ಹಾಗೇ ಅಟ್ಟದ ಮೇಲೆ ಹಾಕಿದ್ದೆ. ಮಳೆಗಾಲ ಕಳೆದು ತೆಗೆದರೆ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಹೋಯಿತಾ?
(ನಗರ, ಹೊಸನಗರ ತಾಲ್ಲೂಕು)

ಉತ್ತರ: ಹೋಗಿಲ್ಲ ತಮ್ಮಾ. ನಗರದ ಮಳೆಗೆ ಗೋಡೆಗೇ ಬೂಷ್ಟು ಹಿಡಿಯುವಾಗ ಚೀಲದೊಳಗಿನ ಪಟಕ್ಕೆ ಹಿಡಿಯದೆ ಇರುತ್ತದೆಯೇ? ಪಟದ ಬಟ್ಟೆ ಪಾಲಿಯೆಸ್ಟರ್, ಬೂಷ್ಟು ಅದನ್ನು ಹತ್ತಿಯ ಹಾಗೆ ತಿನ್ನುವುದಿಲ್ಲ. ಚುಕ್ಕೆ ಉಳಿಯಬಹುದು, ಬಲ ಹೋಗುವುದಿಲ್ಲ. ತಪ್ಪಾದದ್ದು ಉಪ್ಪಿನಲ್ಲಿ. ಸಮುದ್ರದ ಉಪ್ಪು ಬಟ್ಟೆಯಲ್ಲೇ ಉಳಿದರೆ ಅದು ಗಾಳಿಯ ತೇವ ಹೀರುತ್ತಲೇ ಇರುತ್ತದೆ, ನೀವು ಎಷ್ಟು ಒಣಗಿಸಿದರೂ ಮತ್ತೆ ಜಿಗುಟಾಗುತ್ತದೆ.

ಅಂಗಳದಲ್ಲಿ ಹರಡಿ ಬಾವಿ ನೀರಿನಲ್ಲಿ ಧಾರಾಳವಾಗಿ ತೊಳೆಯಿರಿ. ಬಟ್ಟೆಸೋಪಿನ ತೆಳುನೀರು, ಮೆತ್ತನೆ ಸ್ಪಂಜು, ಅಷ್ಟೇ. ಬ್ಲೀಚಿಂಗ್ ಪುಡಿ, ಫಿನಾಯಿಲ್, ಬ್ರಷ್ ಯಾವುದೂ ಬೇಡ. ಬಟ್ಟೆಯ ಮೇಲಿನ ಲೇಪ ಎದ್ದುಹೋಗುತ್ತದೆ. ಒಣಗಿಸುವುದು ನೆರಳಿನಲ್ಲಿ. ನಿಮ್ಮಲ್ಲಿ ಅಡಿಕೆ ಚಪ್ಪರ ಇದ್ದೇ ಇರುತ್ತದಲ್ಲ, ಅದರ ಮೇಲಲ್ಲ, ಕೆಳಗೆ ಹಗ್ಗ ಕಟ್ಟಿ ಹಾಕಿ. ಗಾಳಿ ಆಡುತ್ತದೆ, ಬಿಸಿಲು ತಾಗುವುದಿಲ್ಲ. ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಮತ್ತೆ ಹಾಕಬೇಡಿ. ಬಿಸಿಗೆ ಬ್ಲಾಡರಿನ ವಾಲ್ವ್ ಅಂಟು ಬಿಟ್ಟುಕೊಳ್ಳುತ್ತದೆ, ಮಲೆನಾಡಿನಿಂದ ನನ್ನ ಹತ್ತಿರ ಬಂದ ಪಟಗಳಲ್ಲಿ ಹೆಚ್ಚಿನವು ಅದೇ ದೂರಿನವು. ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಸುತ್ತಿ, ಚೀಲದ ಜಿಪ್ ಸ್ವಲ್ಪ ತೆರೆದಿಟ್ಟು, ಮಲಗುವ ಕೋಣೆಯ ತೊಲೆಗೆ ನೇತುಹಾಕಿ. ನೆಲಕ್ಕಿಟ್ಟರೆ ಇಲಿ ಬಿಡುವುದಿಲ್ಲ. ಭತ್ತ ಇಲ್ಲದಿದ್ದರೂ ಗೂಡಿಗೆಂದು ಮೆತ್ತನೆ ಬಟ್ಟೆ ಕಡಿದುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಳಿಸಿ ಬಿಡಿಸಿ ನೋಡಿ.

ಬಾರನ್ನೂ ಮರೆಯಬೇಡಿ. ಕೆಂಪು ಹಿಡಿಯನ್ನು ಬಕೆಟ್ ನೀರಿನೊಳಗೇ ಹಿಡಿದು ಇಪ್ಪತ್ತು ಸಲ ತಳ್ಳಿ, ಜೋಡಿಸಿ, ಮತ್ತೆ ತಳ್ಳಿ. ಒಳಗಿನ ಉಪ್ಪು ಮರಳು ತಳಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಎಲ್ಲ ಆದಮೇಲೆ ಒಂದು ಸಂಜೆ ಪಟಕ್ಕೆ ಗಾಳಿ ತುಂಬಿಸಿ ಜಗಲಿಯಲ್ಲಿಟ್ಟು ಮಲಗಿ. ಬೆಳಿಗ್ಗೆ ಕಲ್ಲಿನಂತೆ ಗಟ್ಟಿ ಇದ್ದರೆ ಮುಂದಿನ ಗಾಳಿಗೆ ಸಿದ್ಧ. ಮೆತ್ತಗಾಗಿದ್ದರೆ ವಾಲ್ವ್ ಸುತ್ತ ಸೋಪುನೀರು ಹಚ್ಚಿ, ಗುಳ್ಳೆ ಏಳುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಸಾಗರದ ಬಸ್ಸಿಗೆ ಹಾಕಿ ನನಗೆ ಕಳಿಸಿ.